ಹೊಸ ಕಾರ್ಬನ್ ದೋಟಿಯ ದೋಷ ಸರಿಪಡಿಸಿದ ನನ್ನ ಅನುಭವ

ಕಳೆದ ಹಂಗಾಮಿನ ಅಡಿಕೆ ಕೊಯ್ಲನ್ನು ನನ್ನ 60 ಅಡಿಯ ಕಾರ್ಬನ್ ಫೈಬರ್ ದೋಟಿಯಲ್ಲೇ (ಒಂದರೊಳಗೊಂದು ಜಾರುವ ಕೊಳವೆಗಳ ಉದ್ದ ಗಳ; ನೆಲದಲ್ಲಿ ನಿಂತೇ ಕೊಯ್ಯಲು, ಮದ್ದು ಹೊಡೆಯಲು ಬಳಸುವುದು) ಪೂರ್ತಿಯಾಗಿ ಮುಗಿಸಿದ್ದೇನೆ. ಅದರ ಹಿಂದಿನ ವರ್ಷ ಇದೇ ದೋಟಿಯನ್ನು ನೋಡಿ, ಕಾರ್ಬನ್ ಕೊಳವೆ ಒಮ್ಮೆ ಕೆಟ್ಟರೆ ಅದಕ್ಕೆ ರಿಪೇರಿ ಎಂಬುದೇ ಇಲ್ಲವೆಂದು ಮಾರಿದವರೂ ಹೇಳಿದ್ದರು, ಶಿರಸಿಯಲ್ಲಿ ವರ್ಕ್‌ಶಾಪ್ ಇಟ್ಟಿರುವ ಸ್ನೇಹಿತರೂ ಹೇಳಿದ್ದರು. ದೋಟಿ ಎತ್ತುವುದು, ಬಲೆ ಹಿಡಿಯುವುದು ಎಲ್ಲ ನಿಮಗೆ ತಿಳಿದಿರುವುದರಿಂದ ಅವುಗಳನ್ನು ಬಿಟ್ಟು ನೇರವಾಗಿ ದೋಷಗಳಿಗೆ ಬರುತ್ತೇನೆ.

ನಮ್ಮ ತೋಟ ಕಿರಿದಾದ ಕಣಿವೆಯಲ್ಲಿದ್ದು ಕಾದಿಗೆ (ತೋಟದ ಬಸಿಗಾಲುವೆ) ದಾಟುತ್ತ ಓಡಾಡಬೇಕಾದ್ದರಿಂದ, ಮಡಚಿದಾಗ ಗಿಡ್ಡವಾಗುವಂತೆ ತುಂಡುಗಳ ಉದ್ದವನ್ನು ಕಡಿಮೆ ಮಾಡಿಸಿ, ಬುಡದ ಕೊಳವೆಯನ್ನು ನನ್ನ ಹಿಡಿತದ ಅಳತೆಗೆ ಹೇಳಿ ಮಾಡಿಸಿದ ದೋಟಿಯಿದು. ಹೆಚ್ಚುಕಡಿಮೆ 70 ಸಾವಿರ ರೂಪಾಯಿ ಬಿದ್ದಿತ್ತು. ಬಂದ ಕೆಲವೇ ದಿನಗಳಲ್ಲಿ ಎರಡು ದೋಷ ಕಂಡವು. ಪೂರ್ತಿ ಎತ್ತಿದಾಗ ತುದಿ ಒಂದೇ ಬದಿಗೆ ಮೂರು ನಾಲ್ಕು ಅಡಿ ವಾಲುತ್ತಿತ್ತು. ಮೇಲಿನಿಂದ ಎರಡನೆಯ ಕೊಳವೆಯ ಬಾಯಿಯ ಹತ್ತಿರ ನಾಣ್ಯದಿಂದ ತಟ್ಟಿದರೆ, ಬೇರೆಡೆ ಬರುವ ಗಟ್ಟಿ ಸದ್ದಿನ ಬದಲು ಟೊಳ್ಳು ಸದ್ದು ಬರುತ್ತಿತ್ತು. ಎಂದರೆ ಒಳಗೆ ಕಾರ್ಬನ್ ಪದರಗಳು ಒಂದರಿಂದೊಂದು ಬಿಟ್ಟುಕೊಂಡಿದ್ದವು. ಮೂರನೆಯ ದೋಷ ಮಳೆಗಾಲದಲ್ಲಿ ಮದ್ದು (ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ) ಹೊಡೆದ ಮೇಲೆ ಬಯಲಾಯಿತು: ಕೊಳವೆಗಳು ಕೂಡುವ ಸಂದುಗಳ ಅಲ್ಯೂಮಿನಿಯಂ ಕಾಲರುಗಳಲ್ಲಿ (ಬಳೆಗಳಲ್ಲಿ) ಬಿಳಿ ಪುಡಿ ಕಟ್ಟಿ ಕೊಳವೆಗಳು ಕಚ್ಚಿಕೊಂಡು, ಇಬ್ಬರು ಹಿಡಿದೆಳೆದರೂ ಬಿಚ್ಚದಂತಾದವು. ಆ ವರ್ಷ ಕೊಯ್ಲಿಗೆ ಬಂದ ಕೊನೆಗೌಡರು (ಮರ ಹತ್ತಿ ಕೊನೆ, ಅಂದರೆ ಅಡಿಕೆ ಗೊನೆ, ಇಳಿಸುವವರು) ನನ್ನ ಪ್ರಯತ್ನವನ್ನು ಸ್ವಲ್ಪ ಹೊತ್ತು ನೋಡಿ, "ಹೆಗಡೇರೆ, ಕೊನೆ ಒಂದು ಕಡೆ, ಕತ್ತಿ ಒಂದು ಕಡೆ, ಇದ್ರಲ್ಲಿ ಕೊಯ್ಲು ಮುಗೀತದಾ?" ಎಂದು ಕೇಳಿ ತಾವೇ ಮರ ಹತ್ತಿದರು.

ಮೊದಲು ದೋಟಿಯನ್ನು ಮಾರಿದವರಿಗೇ ಕಳಿಸಿದೆ. ಹೋಗಿ ಬರುವ ಸಾಗಣೆಗೆ ಎರಡೂವರೆ ಸಾವಿರದಷ್ಟು ನನ್ನ ಕೈಯಿಂದಲೇ ಹೋಯಿತು. ಹೊಸ ಸ್ಕ್ರೂ ಹಾಕಿಸಿಕೊಂಡು ಅದೇ ದೋಷಗಳೊಂದಿಗೆ ದೋಟಿ ಮರಳಿತು. ಆಗ ನಾಣ್ಯ ತಟ್ಟುವ ಸದ್ದನ್ನೂ ತುದಿ ವಾಲುವುದನ್ನೂ ವಿಡಿಯೋ ಮಾಡಿ, ಬಿಲ್ಲಿನ ಪ್ರತಿಯೊಂದಿಗೆ ನೋಂದಾಯಿತ ಅಂಚೆಯಲ್ಲಿ ನೋಟಿಸು ಕಳಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ಮಾರಿದವರು ಎಲ್ಲಿಯೇ ಇರಲಿ, ಕೊಂಡವನು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ನಮಗಾದರೆ ಕಾರವಾರದಲ್ಲಿ; 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, 2 ವರ್ಷದೊಳಗೆ ಕೊಡಬೇಕು. ಇಷ್ಟನ್ನು ನೋಟಿಸಿನಲ್ಲಿ ಸ್ಪಷ್ಟವಾಗಿ ಬರೆದಿದ್ದರಿಂದ ಕಾರವಾರಕ್ಕೆ ಘಟ್ಟ ಇಳಿಯುವ ಪ್ರಸಂಗವೇ ಬರಲಿಲ್ಲ. ಪದರ ಬಿಟ್ಟ ಕೊಳವೆಗೆ ಬದಲಿ ಕೊಳವೆ ಬಂತು. ಪದರ ಬಿಟ್ಟದ್ದನ್ನು ಅಂಟಿಸಲು ಯಾರೂ ಹೋಗಬಾರದು, ಬದಲಿಯನ್ನೇ ಕೇಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ವಾಲುವಿಕೆಯನ್ನು ಮಾತ್ರ ಅವರು ದೋಷವೆಂದೇ ಒಪ್ಪಲಿಲ್ಲ.

ಹಾಗಾಗಿ ಅದು ನನ್ನ ಪಾಲಿಗೆ ಬಂತು. ಸಂದುಗಳ ಸಡಿಲ ತುಂಬಲು ಇನ್ಸುಲೇಷನ್ ಟೇಪು ಸುತ್ತಿದರೆ ಮೊದಲ ಮಳೆಗೇ ಜಾರಿತು. ಸೈಕಲ್ ಟ್ಯೂಬಿನ ರಬ್ಬರು ಅದುಮಿಕೊಂಡು ತೂಗಾಟವನ್ನು ಇನ್ನಷ್ಟು ಹೆಚ್ಚಿಸಿತು. ಎಂ-ಸೀಲ್ ಗಟ್ಟಿಯಾಗಿ ಕೂತಂತೆ ಕಂಡರೂ ಅಡಿಕೆ ಕೊನೆ ಬಿದ್ದ ಹೊಡೆತಕ್ಕೆ ಒಡೆದು ಪುಡಿಯಾಯಿತು. ಲೆಕ್ಕ ಹಾಕಿ ನೋಡಿದರೆ ಕಾರಣ ಸರಳವಾಗಿದೆ: ಒಂದು ಗೇಣಿನ ಸಂದಿನಲ್ಲಿ ಒಂದು ಮಿಲಿಮೀಟರ್ ಸಡಿಲವಿದ್ದು ಅದರ ಮೇಲೆ 50 ಅಡಿ ಉಳಿದಿದ್ದರೆ, ಆ ಒಂದು ಸಂದಿನಿಂದಲೇ ತುದಿ ಮೂರು ಇಂಚಿನಷ್ಟು ಸರಿಯುತ್ತದೆ, ಎಲ್ಲ ಸಂದುಗಳೂ ಒಂದೇ ಬದಿಗೆ ಸರಿದು, ಕೊಳವೆಗಳ ಸಹಜ ಬಾಗೂ ಅದಕ್ಕೆ ಕೂಡಿಕೊಂಡರೆ ಅಡಿಗಟ್ಟಲೆಯಾಗುತ್ತದೆ.

ಸಡಿಲಕ್ಕೆ ಕೊನೆಗೆ ಫಲ ಕೊಟ್ಟದ್ದು ಗ್ಲಾಸ್ ಫೈಬರ್ ಬಟ್ಟೆ ಮತ್ತು ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ (ಎರಡು ದ್ರವ ಬೆರೆಸಿ ಮಾಡುವ ಅಂಟು). ಒಳಕೊಳವೆಯ ಬುಡಕ್ಕೆ ತೆಳು ಬಟ್ಟೆಯ ಪಟ್ಟಿಯನ್ನು ಎಪಾಕ್ಸಿಯಲ್ಲಿ ತೋಯಿಸಿ ಸುತ್ತಿ, ಬೇಕಾದದ್ದಕ್ಕಿಂತ ಸ್ವಲ್ಪ ದಪ್ಪವಾಗಿಯೇ ಬೆಳೆಸಿ, ಒಣಗಿದ ಮೇಲೆ ವಾಟರ್ ಪೇಪರಿನಿಂದ ನೀರು ಹಾಕುತ್ತ ಉಜ್ಜಿ, ಹೊರಕೊಳವೆಯೊಳಗೆ ಬಿಗಿಯಾಗಿ ಜಾರುವಷ್ಟಕ್ಕೆ ತಂದೆ. ಒಣದಾಗಿ ಉಜ್ಜಿದರೆ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಬಿಡಬಾರದು. ಜುಲೈ ತಿಂಗಳಲ್ಲಿ ಜಗಲಿಯ ಮೇಲೆ ಮಾಡಿದ ಸುತ್ತು ನಮ್ಮ ಮಳೆಗಾಲದ ತೇವಕ್ಕೆ ಮೇಲ್ಮೈ ಅಂಟಂಟಾಗಿ ಕೆಟ್ಟುಹೋಯಿತು. ಖಾಲಿ ಬಿದ್ದಿದ್ದ ಅಡಿಕೆ ಡ್ರೈಯರಿನಲ್ಲಿ ಕೊಳವೆಗಳನ್ನು ಅಡ್ಡ ಮಲಗಿಸಿ, 40 ಡಿಗ್ರಿಯ ಆಸುಪಾಸಿನ ಸಣ್ಣ ಶಾಖದಲ್ಲಿ ರಾತ್ರಿಯಿಡೀ ಇಟ್ಟದ್ದೇ ಕೆಲಸವನ್ನು ಗೆಲ್ಲಿಸಿತು. ಡ್ರೈಯರನ್ನು ಈ ಕೆಲಸಕ್ಕೆ ಬಳಸಿದವರು ನಮ್ಮ ಸೀಮೆಯಲ್ಲಿ ಬೇರೆ ಯಾರೂ ಇರಲಾರರೆಂದು ಹೆಮ್ಮೆಯಿಂದಲೇ ಹೇಳುತ್ತೇನೆ. ಎಪಾಕ್ಸಿಗೆ ನಾನು ಬೆರೆಸುವ ಪುಡಿ ಯಾವುದು, ಎಷ್ಟು ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಇನ್ನೊಂದು ಪ್ರಯೋಗದ ಸುಳಿವು ಸಿಕ್ಕಿದ್ದು ಗಾಲ್ಫ್ ಕೋಲು ಕಟ್ಟುವವರಿಂದ. ಕಾರ್ಬನ್ ಹಾಳೆಯನ್ನು ಉಕ್ಕಿನ ಸರಳಿಗೆ ಸುತ್ತಿ ಕೊಳವೆ ಮಾಡುವಾಗ ಹಾಳೆಯ ಅಂಚು ಒಂದರ ಮೇಲೊಂದು ಬರುವ ಕಡೆ ಕೊಳವೆ ಹೆಚ್ಚು ಗಡುಸಾಗಿರುತ್ತದೆ. ಅವರು ದಂಡವನ್ನು ತಿರುಗಿಸಿ ನೋಡಿ ಆ ಬದಿಯನ್ನು ಗುರುತಿಸಿಕೊಂಡೇ ಕೋಲಿನ ತಲೆಯನ್ನು ಕೂರಿಸುತ್ತಾರೆ. ನಾನೂ ಪ್ರತಿ ಕೊಳವೆಯ ಬುಡವನ್ನು ಬೆಂಚ್ ವೈಸಿನಲ್ಲಿ ಬಟ್ಟೆ ಸುತ್ತಿ ಹಿಡಿಸಿ, ತುದಿಗೆ ಒಂದು ಕಿಲೋ ಮೈಲುತುತ್ತದ ಪೊಟ್ಟಣ ತೂಗಿಸಿ, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ತುದಿ ಎಷ್ಟು ಜಗ್ಗುತ್ತದೆಂದು ಗೋಡೆಯ ಮೇಲೆ ಗೆರೆ ಹಾಕುತ್ತ ಹೋದೆ. ತೆಳು ಕೊಳವೆಗಳಲ್ಲಿ ಒಂದು ಬದಿಗೂ ಇನ್ನೊಂದು ಬದಿಗೂ ಬೆರಳಿನ ಅಗಲದಷ್ಟು ವ್ಯತ್ಯಾಸ ಬಂತು. ಗಡುಸು ಬದಿಗೆ ಬಿಳಿ ಪೇಂಟಿನ ಗೆರೆ ಎಳೆದು, ಸಮತಟ್ಟಾದ ನೆಲದ ಮೇಲೆ ಉರುಳಿಸಿ ಸಹಜ ಬಾಗನ್ನೂ ಗುರುತಿಸಿ, ಒಂದರ ಬಾಗನ್ನು ಮುಂದಿನದು ಕಳೆಯುವಂತೆ ಜೋಡಿಸಿದೆ. ಮೇಲಿನ ಎರಡು ಕೊಳವೆಗಳನ್ನು ಮಾತ್ರ ಬೇರೆ ರೀತಿಯಲ್ಲಿ ಕೂರಿಸಿದ್ದೇನೆ. ಅದನ್ನು ತೋಟಕ್ಕೆ ಬಂದವರಿಗೆ ಕೈಯಲ್ಲಿ ಹಿಡಿಸಿಯೇ ತೋರಿಸುತ್ತೇನೆ. ಈಗ ಗಾಳಿಯಿಲ್ಲದ ಬೆಳಿಗ್ಗೆ ತುದಿ ಒಂದಡಿಗಿಂತ ಹೆಚ್ಚು ಸರಿಯುವುದಿಲ್ಲ.

ಕಾಲರುಗಳ ಬಿಳಿ ಪುಡಿಗೆ ಕಾರಣ, ಅಲ್ಯೂಮಿನಿಯಂ ನೇರವಾಗಿ ಕಾರ್ಬನ್ನಿಗೆ ತಾಗಿದ್ದು. ನಡುವೆ ನೀರಿದ್ದರೆ ಅಲ್ಯೂಮಿನಿಯಂ ಸವೆಯುತ್ತದೆ, ಬೋರ್ಡೋದ ತಾಮ್ರ ಸೇರಿದರೆ ಇನ್ನೂ ಬೇಗ. ಕಾಲರಿನ ಒಳಗೂ ಒಂದು ಸುತ್ತು ಗ್ಲಾಸ್ ಬಟ್ಟೆ ಅಂಟಿಸಿ ಎರಡನ್ನೂ ಬೇರ್ಪಡಿಸಿದ್ದೇನೆ. ಮದ್ದು ಹೊಡೆದ ದಿನ ಸಂಜೆ ಎಲ್ಲವನ್ನೂ ಬಿಚ್ಚಿ ಸಿಹಿನೀರಿನಲ್ಲಿ ತೊಳೆಯುತ್ತೇವೆ. ಗ್ಲಾಸ್ ಬಟ್ಟೆ ಸುತ್ತಿದ ಮಾತ್ರಕ್ಕೆ ದೋಟಿ ವಿದ್ಯುತ್ತಿಗೆ ಸುರಕ್ಷಿತವಾಗುವುದಿಲ್ಲ, ಕಾರ್ಬನ್ನಿನಲ್ಲಿ ಕರೆಂಟು ಹರಿಯುತ್ತದೆ. ಹೆಸ್ಕಾಂ ತಂತಿ ಹಾದುಹೋಗುವ ಸಾಲಿನಲ್ಲಿ ಲೈನಿನ ಕರೆಂಟು ತೆಗೆಸದೆ ನಾವು ದೋಟಿ ಎತ್ತುವುದೇ ಇಲ್ಲ.

ಬಟ್ಟೆ, ಎಪಾಕ್ಸಿ, ಪೇಪರು, ಕೆಟ್ಟುಹೋದ ಸುತ್ತುಗಳು ಎಲ್ಲ ಸೇರಿ ನಾಲ್ಕು ಸಾವಿರದೊಳಗೆ ಮುಗಿದಿದೆ, ಇದು ಇಬ್ಬರು ಕೊನೆಗೌಡರ ಒಂದು ದಿನದ ಖರ್ಚಿಗಿಂತ ಬಹಳ ಹೆಚ್ಚೇನಲ್ಲ. ಈಗ ತಮ್ಮನ ತೋಟಕ್ಕೆ ಇನ್ನೊಂದು ದೋಟಿ ಹೇಳಿದ್ದೇವೆ. ಸಂದುಗಳು ಒಂದೂವರೆ ಗೇಣು ಇರಬೇಕು, ಕಾಲರು ನೈಲಾನಿನದಾಗಿರಬೇಕು, ಗಡುಸು ಬದಿಗೆ ಗುರುತು ಹಾಕಿ ಕೊಡಬೇಕು, ಉಳಿದ ಅರ್ಧ ಹಣವನ್ನು ನಮ್ಮ ಅಂಗಳದಲ್ಲಿ ನಾಣ್ಯ ತಟ್ಟಿ ನೋಡಿದ ಮೇಲೆ ಕೊಡಲಾಗುವುದು ಎಂದು ಆರ್ಡರಿನಲ್ಲೇ ಬರೆಸಿದ್ದೇನೆ.