ಎಚ್‌ಐವಿ ಇರುವ ತಾಯಿ ಎದೆಹಾಲು ಕುಡಿಸುವಾಗ: ಮಾತ್ರೆ, ಮಳೆಗಾಲ ಮತ್ತು ಮಗುವಿನ ಬಾಯಿ

ಎಚ್‌ಐವಿ ಇರುವ ತಾಯಿಗೆ ಯಾವ ಚಿಕಿತ್ಸೆಯೂ ದೊರೆಯದಿದ್ದರೆ ಗರ್ಭ, ಹೆರಿಗೆ ಮತ್ತು ಎದೆಹಾಲು ಮೂರರಿಂದಲೂ ಸೇರಿ ಮಗುವಿಗೆ ಸೋಂಕು ತಗಲುವ ಸಂಭವ ಶೇಕಡಾ 15ರಿಂದ 45ರಷ್ಟಿರುತ್ತದೆ. ಅದೇ ತಾಯಿ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತ್ತಿಕ್ಕುವ ಮಾತ್ರೆಯನ್ನು ತಪ್ಪದೆ ನುಂಗುತ್ತಿದ್ದು, ರಕ್ತದಲ್ಲಿನ ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿದಿದ್ದರೆ, ಹಾಲಿನ ಮೂಲಕ ಹರಡುವ ಸಂಭವ ಶೇಕಡಾ ಒಂದಕ್ಕಿಂತ ಕಡಿಮೆ, ಸೊನ್ನೆಯಂತೂ ಅಲ್ಲ. ಆದ್ದರಿಂದ ಹಾಲು ಕುಡಿಸುವಷ್ಟು ಕಾಲವೂ ಮಗುವನ್ನು ಕಾಯುವುದು ಮುಖ್ಯವಾಗಿ ತಾಯಿ ನುಂಗುವ ಮಾತ್ರೆಯೇ.

ಈಗ ಎಆರ್‌ಟಿ ಕೇಂದ್ರಗಳಲ್ಲಿ ಹೆಚ್ಚಿನವರಿಗೆ ಉಚಿತವಾಗಿ ಸಿಗುವುದು ಟೆನೊಫೊವಿರ್, ಲ್ಯಾಮಿವುಡಿನ್ ಮತ್ತು ಡೊಲುಟೆಗ್ರಾವಿರ್ ಸೇರಿದ, ದಿನಕ್ಕೊಂದೇ ಮಾತ್ರೆ. ಬಾಣಂತಿಗೆ ಹೆರಿಗೆಯ ನಂತರ ಆರು ತಿಂಗಳು ಕಬ್ಬಿಣಾಂಶದ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನೂ ಕೊಡುತ್ತಾರೆ. ಅವನ್ನು ಖಾಲಿ ಹೊಟ್ಟೆಯಲ್ಲಿ ಎಆರ್‌ಟಿ ಮಾತ್ರೆಯ ಜೊತೆಗೇ ನುಂಗಿದರೆ ಡೊಲುಟೆಗ್ರಾವಿರ್ ಮೈಗೆ ಸರಿಯಾಗಿ ಹತ್ತುವುದಿಲ್ಲ. ಇವೆರಡನ್ನೂ ಬೆಳಿಗ್ಗೆ ಮತ್ತು ಮಧ್ಯಾಹ್ನದ ಊಟದೊಂದಿಗೆ ಮುಗಿಸಿ, ಎಆರ್‌ಟಿ ಮಾತ್ರೆಯನ್ನು ರಾತ್ರಿ ಮಲಗುವ ಮುನ್ನ ನುಂಗುವುದು ನನ್ನ ಮಟ್ಟಿಗೆ ಅತ್ಯಂತ ಸುಲಭದ ಕ್ರಮ. ಕಾಫಿ ಕೊಯ್ಲಿನ ದಿನಗಳಲ್ಲಿ ಬೆಳಗಿನ ಗಡಿಬಿಡಿಯಲ್ಲಿ ಮರೆಯುವ ಭಯವೂ ಇರುವುದಿಲ್ಲ. ಮರೆತರೆ ನೆನಪಾದ ಕೂಡಲೇ ನುಂಗಿ, ಆದರೆ ಮರುದಿನ ಎರಡು ಮಾತ್ರೆ ಸೇರಿಸಬೇಡಿ. ಹಲವು ದಿನ ತಪ್ಪಿದ್ದರೆ ಬೈಸಿಕೊಳ್ಳುವ ಅಂಜಿಕೆಯಿಂದ ಮುಚ್ಚಿಡದೆ ಕೇಂದ್ರದಲ್ಲಿ ಹೇಳಿ. ಮಗುವಿಗೆ ರಕ್ಷಣೆಯ ಔಷಧವನ್ನು ಮುಂದುವರಿಸಬೇಕಾಗಬಹುದು.

ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಾರಿಯನ್ನು ನಂಬುವಂತಿಲ್ಲ. ಮರ ಬಿದ್ದೋ ಗುಡ್ಡ ಜರಿದೋ ಬಸ್ಸು ನಿಂತ ದಿನವೇ ಡಬ್ಬಿ ಖಾಲಿಯಾಗಬಾರದು. ಮಳೆ ಬಲವಾಗುವ ಮೊದಲೇ ಕೇಂದ್ರದಲ್ಲಿ ಊರಿನ ಪರಿಸ್ಥಿತಿ ವಿವರಿಸಿ ಹೆಚ್ಚು ದಿನಕ್ಕಾಗುವಷ್ಟು ಮಾತ್ರೆ ಕೇಳಿಕೊಳ್ಳಿ. ಬಾಣಂತನಕ್ಕೆ ತವರಿಗೆ ಹೋಗುವವರೂ ಹೀಗೆಯೇ ಮುಂಚಿತವಾಗಿ ತಿಳಿಸಬೇಕು. ಥಂಡಿಗೆ ಬಟ್ಟೆ ಒಣಗಿಸುವಂತೆ ಮಾತ್ರೆ ಡಬ್ಬಿಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ. ಡಬ್ಬಿಯೊಳಗೆ ತೇವ ಹೀರುವ ಸಣ್ಣ ಪೊಟ್ಟಣವಿದ್ದರೆ ಅದನ್ನು ಎಸೆಯದೆ, ಮುಚ್ಚಳ ಬಿಗಿ ಮಾಡಿ ತಂಪಾದ, ಒಣ ಜಾಗದಲ್ಲಿಡಿ. ತೋಟದ ಕಾರ್ಮಿಕರ ಸಾಲು ಮನೆಯಲ್ಲಿ (ಲೈನ್ ಮನೆ) ಅಕ್ಕಪಕ್ಕದವರ ಕಣ್ಣಿಗೆ ಬೀಳುವುದೆಂಬ ಚಿಂತೆಯಿದ್ದರೆ ಮಾತ್ರೆಗಳನ್ನು ಕಾಗದಕ್ಕೆ ಸುರಿದುಕೊಳ್ಳದೆ, ಡಬ್ಬಿಯನ್ನೇ ಬಟ್ಟೆ ಚೀಲದೊಳಗೆ ಹಾಕಿಡಿ. ನಿಮ್ಮ ಎಚ್‌ಐವಿ ಸ್ಥಿತಿಯನ್ನು ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವುದನ್ನು 2017ರ ಎಚ್‌ಐವಿ ಕಾಯ್ದೆ ತಡೆಯುತ್ತದೆ. ಸಂದೇಹಗಳಿಗೆ 1097 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು.

ಇನ್ನು ಹಿರಿಯರೊಡನೆ ಮಾತನಾಡಬೇಕಾದ ವಿಷಯವೊಂದಿದೆ. ಜೇನು ಧಾರಾಳವಾಗಿ ಸಿಗುವ ನಾಡಿನಲ್ಲಿ ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಸವರುವುದು, ಬಜೆ ತೇದು ನೆಕ್ಕಿಸುವುದು ಅಜ್ಜಿಯರಿಗೆ ಅಕ್ಕರೆಯ ಕೆಲಸ. ಆದರೆ ಮೊದಲ ಆರು ತಿಂಗಳು ಎದೆಹಾಲು ಮತ್ತು ವೈದ್ಯರು ಕೊಟ್ಟ ಔಷಧ ಬಿಟ್ಟು ನೀರು, ಜೇನು, ಹಸುವಿನ ಹಾಲು ಯಾವುದೂ ಬೇಡ. ಬೇರೆ ಆಹಾರ ಮಗುವಿನ ಎಳೆ ಕರುಳಿನ ಒಳಪದರಕ್ಕೆ ಗಾಸಿ ಮಾಡುವುದರಿಂದ, ಎದೆಹಾಲಿನ ಜೊತೆ ಅದನ್ನು ಬೆರೆಸಿ ಕೊಟ್ಟಾಗ ವೈರಸ್ ಒಳಹೋಗುವುದು ಸುಲಭವಾಗುತ್ತದೆ. ಅತ್ತೆಗೆ ಕಾಯಿಲೆಯ ವಿಷಯ ಹೇಳಲಾಗದಿದ್ದರೆ, ಆರು ತಿಂಗಳು ಏನೂ ಕೊಡಬಾರದೆಂದು ಡಾಕ್ಟರು ಎಲ್ಲ ತಾಯಂದಿರಿಗೂ ಹೇಳುತ್ತಾರೆ ಎಂದರೆ ಸಾಕು; ಅದು ಸುಳ್ಳೂ ಅಲ್ಲ.

ತೊಟ್ಟು ಬಿರಿದು ರಕ್ತ ಬಂದರೆ ಅಥವಾ ಎದೆ ಬಾತು ಕೀವಾದರೆ ಆ ಬದಿಯ ಹಾಲನ್ನು ಹಿಂಡಿ ಚೆಲ್ಲಿ, ಇನ್ನೊಂದು ಬದಿಯಿಂದ ಕುಡಿಸುತ್ತಾ ಬೇಗನೆ ಆಸ್ಪತ್ರೆಗೆ ಹೋಗಿ. ಮಗುವಿನ ಬಾಯಲ್ಲಿ ಬಿಳಿ ಹುಣ್ಣು ಕಂಡರೂ ತೋರಿಸಿ.

ಮಗುವಿಗೆ ಹುಟ್ಟಿದಂದಿನಿಂದ ಕನಿಷ್ಠ ಆರು ವಾರ ಸೋಂಕು ತಡೆಯುವ ನೆವಿರಾಪಿನ್ ಸಿರಪ್ ಇರುತ್ತದೆ. ಅಪಾಯ ಹೆಚ್ಚಿದ್ದರೆ ವೈದ್ಯರು ಇನ್ನೊಂದು ಔಷಧ ಸೇರಿಸಿ ಹನ್ನೆರಡು ವಾರಕ್ಕೆ ವಿಸ್ತರಿಸುತ್ತಾರೆ. ಆರು ವಾರಕ್ಕೆ ಹಿಮ್ಮಡಿಯಿಂದ ಕೆಲವು ಹನಿ ರಕ್ತ ತೆಗೆದು ಮೊದಲ ಪರೀಕ್ಷೆ ನಡೆಯುತ್ತದೆ. ಅದರಲ್ಲಿ ಸೋಂಕಿಲ್ಲವೆಂದು ಬಂದರೂ ಹಾಲು ಕುಡಿಯುತ್ತಿರುವ ಮಗುವಿಗೆ ಮುಂದಿನ ಪರೀಕ್ಷೆಗಳು ತಪ್ಪಬಾರದು. ಹಾಲು ಬಿಡಿಸುವಾಗ ಒಮ್ಮೆಲೇ ನಿಲ್ಲಿಸದೆ ಸುಮಾರು ಒಂದು ತಿಂಗಳ ಅವಧಿಯಲ್ಲಿ ಕ್ರಮೇಣ ಬಿಡಿಸಿ. ಕೊನೆಯ ಪರೀಕ್ಷೆ ಹದಿನೆಂಟು ತಿಂಗಳಿಗೆ, ಇಲ್ಲವೇ ಹಾಲು ಬಿಡಿಸಿ ಮೂರು ತಿಂಗಳಾದ ಮೇಲೆ, ಯಾವುದು ತಡವೋ ಆಗ.