ಆನೆಗೆ ಓಟ ಕೊಡಬೇಡಿ: ಕ್ರೀಡಾಕೂಟಕ್ಕೆ ವಾಹನ ತಡೆ ಬಾಡಿಗೆಗೆ ತರುವುದು ಹೇಗೆ?

ಕಲಬುರಗಿಯಲ್ಲಿ ಕಬಡ್ಡಿ ಫೈನಲ್ ಇರಲಿ, ಬೀದರ್‌ನಲ್ಲಿ ಕ್ರಿಕೆಟ್ ಟೂರ್ನಿ ಇರಲಿ, ಯಾದಗಿರಿ ಕಡೆಯ ಜಾತ್ರೆಯ ಕುಸ್ತಿ ಇರಲಿ, ಸಂಘಟಕರು ಟ್ರೋಫಿಗೆ ಹದಿನೈದು ದಿನ ಮೊದಲೇ ಮುಂಗಡ ಕೊಟ್ಟಿರುತ್ತಾರೆ. ವಾಹನ ತಡೆಯ, ಅಂದರೆ ವಾಹನ ಜನರ ಮೇಲೆ ನುಗ್ಗದಂತೆ ರಸ್ತೆಗೆ ಅಡ್ಡ ಇಡುವ ಭಾರದ ಬ್ಲಾಕುಗಳ, ನೆನಪಾಗುವುದು ಮಾತ್ರ ಹಿಂದಿನ ದಿನ ಸಂಜೆ. ಆಗ ಶಾಮಿಯಾನದವರಿಗೆ ಫೋನು ಹೋಗುತ್ತದೆ: ‘ಇನ್ನೊಂದು ಐವತ್ತು ಬ್ಯಾರಿಕೇಡ್ ಕಳಿಸಿಬಿಡಿ.’ ಬರುವುದು ಪೈಪಿನ ಬ್ಯಾರಿಕೇಡ್. ಅದು ಜನರನ್ನು ಸಾಲಿನಲ್ಲಿ ನಿಲ್ಲಿಸಲು ಮಾಡಿದ ವಸ್ತು. ಇಬ್ಬರು ಹುಡುಗರು ಎತ್ತಿ ಪಕ್ಕಕ್ಕಿಡುವ ಪೈಪು ಜೀಪನ್ನು ತಡೆಯುವುದಿಲ್ಲ. ಜೀಪು ಬಡಿದರೆ ಆ ಪೈಪುಗಳೇ ಜನರ ಮೇಲೆ ಬಂದು ಬೀಳುತ್ತವೆ.

‘ನಮ್ಮೂರಿನಲ್ಲಿ ಯಾರು ಹಾಗೆ ಮಾಡುತ್ತಾರೆ?’ ಎಂದು ಕೇಳುವವರು ಇದ್ದೇ ಇರುತ್ತಾರೆ. ಕೆಟ್ಟ ಉದ್ದೇಶವೇ ಬೇಕಿಲ್ಲ. ಬ್ರೇಕ್ ಹಿಡಿಯದ ಟ್ರ್ಯಾಕ್ಟರ್, ಕುಡಿದ ಚಾಲಕ, ಗೆದ್ದ ತಂಡದ ಹಿಂದೆ ಹಾರನ್ ಹೊಡೆಯುತ್ತ ನುಗ್ಗುವ ಕಾರು, ಇಷ್ಟೇ ಸಾಕು. ಉದ್ದೇಶವೂ ಸೇರಿದರೆ ಏನಾಗುತ್ತದೆ ಎಂಬುದನ್ನು 2016ರ ಜುಲೈ 14ರಂದು ಫ್ರಾನ್ಸಿನ ನೀಸ್ ನಗರ ಕಂಡಿತು. 19 ಟನ್ನಿನ ಒಂದು ಲಾರಿಗೆ 86 ಜನ ಬಲಿಯಾದರು.

1. ಅನುಮತಿ

ಕಲಬುರಗಿ ನಗರದಲ್ಲಾದರೆ ಪೊಲೀಸ್ ಆಯುಕ್ತರ ಕಚೇರಿ, ಬೀದರ್ ಮತ್ತು ಯಾದಗಿರಿಯಲ್ಲಾದರೆ ಪೊಲೀಸ್ ವರಿಷ್ಠಾಧಿಕಾರಿ ಕಚೇರಿ. ರಸ್ತೆ ಪಾಲಿಕೆಯದೋ ಲೋಕೋಪಯೋಗಿ ಇಲಾಖೆಯದೋ ಎಂದು ಮೊದಲೇ ತಿಳಿದುಕೊಂಡು ಅವರಿಗೂ ಪತ್ರ ಕೊಡಿ. ಅಗ್ನಿಶಾಮಕ ಠಾಣೆಗೆ ಮಾತ್ರ ಪತ್ರ ಕಳಿಸಿ ಸುಮ್ಮನಾಗಬೇಡಿ, ನೀವೇ ಹೋಗಿ. ಕಾರಣ ಮುಂದೆ ಬರುತ್ತದೆ.

2. ನಡೆದು ನೋಡುವುದು

ಎಲ್ಲರೂ ಎಡವುವುದು ಇಲ್ಲಿಯೇ. ‘ಎಷ್ಟು ಬ್ಲಾಕು ಬೇಕು?’ ಎಂಬ ಪ್ರಶ್ನೆಯಿಂದ ಕೆಲಸ ಶುರುಮಾಡುತ್ತಾರೆ. ಮೊದಲು ಕೇಳಬೇಕಾದದ್ದು ‘ವಾಹನಕ್ಕೆ ಎಷ್ಟು ಓಟ ಸಿಗುತ್ತದೆ?’ ಎಂದು, ಅಂದರೆ ವೇಗ ಹಿಡಿಯಲು ಎಷ್ಟು ನೇರ ದಾರಿ ಸಿಗುತ್ತದೆ ಎಂದು.

ಬೀದರ್ ಕೋಟೆಯ ಬಾಗಿಲಿನಿಂದ ಒಳಗೆ ನಡೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದಾರಿ ನೇರವಾಗಿ ಒಳಗೆ ಹೋಗುವುದಿಲ್ಲ. ತಿರುಗಿ, ಇನ್ನೊಂದು ಬಾಗಿಲಿಗೆ ಮುಖ ಮಾಡುತ್ತದೆ. ಆನೆ ಓಡಿಬಂದು ಗುದ್ದಿದರೆ ಎಂಥ ಬಾಗಿಲೂ ಉಳಿಯುವುದಿಲ್ಲ, ಆದ್ದರಿಂದ ಓಡಿಬರಲು ಜಾಗವನ್ನೇ ಕೊಡದಿರುವುದು ಕೋಟೆ ಕಟ್ಟುವವರ ಉಪಾಯ. ನಾವು ಮಾಡಬೇಕಾದದ್ದೂ ಅಷ್ಟೇ.

ಟೇಪು ಹಿಡಿದು ಕ್ರೀಡಾಂಗಣದ ಪ್ರತಿ ಗೇಟಿನಿಂದ ಹೊರಮುಖವಾಗಿ ನಡೆಯಿರಿ, ರಸ್ತೆ ಎಲ್ಲಿ ತಿರುಗುತ್ತದೋ ಅಲ್ಲಿಯವರೆಗೆ ಅಳೆಯಿರಿ. 100 ಮೀಟರ್ ನೇರ ರಸ್ತೆ ಸಿಕ್ಕರೆ ನಿಂತಿದ್ದ ಸಾಮಾನ್ಯ ಕಾರೂ ಗಂಟೆಗೆ 70 ಕಿ.ಮೀ. ದಾಟಬಲ್ಲದು. 10 ಮೀಟರ್ ಸಿಕ್ಕರೆ 25ರ ಆಸುಪಾಸಿನಲ್ಲೇ ಉಳಿಯುತ್ತದೆ. ವೇಗ ಇಮ್ಮಡಿಯಾದರೆ ಹೊಡೆತ ನಾಲ್ಕು ಪಟ್ಟಾಗುತ್ತದೆ ಎಂಬುದು ಹೈಸ್ಕೂಲಿನ ಪಾಠ.

ಒರಟಾಗಿ ಲೆಕ್ಕ ಹಾಕಿ ನೋಡೋಣ. 1,500 ಕಿಲೊ ತೂಕದ ಕಾರು 50 ಕಿ.ಮೀ. ವೇಗದಲ್ಲಿ ಬಂದು, ನೀರು ತುಂಬಿದ 450 ಕಿಲೊ ತೂಕದ ಒಂಟಿ ಬ್ಲಾಕಿಗೆ ಬಡಿದರೆ, ಎರಡೂ ಸೇರಿ ಸುಮಾರು 38 ಕಿ.ಮೀ. ವೇಗದಲ್ಲಿ ಮುಂದಕ್ಕೆ ಹೋಗುತ್ತವೆ. ತಡೆಯೇ ಜನರನ್ನು ಗುದ್ದುತ್ತದೆ. ಅದೇ ಕಾರು 20 ಕಿ.ಮೀ.ಗೆ ಇಳಿದು, ಪಿನ್ನು ಹಾಕಿ ಬೆಸೆದ ಐದು ಬ್ಲಾಕುಗಳ ಸಾಲಿಗೆ ಬಡಿದರೆ ಉಳಿಯುವ ವೇಗ 8 ಕಿ.ಮೀ. ಮಾತ್ರ, ಸಾಲು ಒಂದು ಹೆಜ್ಜೆಯಷ್ಟು ಸರಿದು ನಿಲ್ಲುತ್ತದೆ. ಹೆಚ್ಚು ಬ್ಲಾಕು ತರಲು ಹಣ ಬೇಕು, ಓಟ ಮುರಿಯಲು ಬೇಡ.

ಓಟ ಮುರಿಯುವುದು ಹೀಗೆ. ತುರ್ತು ವಾಹನಕ್ಕೆಂದು ತೆರೆದಿಡುವ ರಸ್ತೆಯಲ್ಲಿ ಮೊದಲ ಸಾಲು ಎಡದಂಚಿನಿಂದ ಹೊರಟು ನಡುಗೆರೆ ದಾಟಿ ನಿಲ್ಲಲಿ. ಅದರಿಂದ 10–12 ಮೀಟರ್ ಒಳಗೆ ಎರಡನೆಯ ಸಾಲು ಬಲದಂಚಿನಿಂದ ಹೊರಟು ನಡುಗೆರೆ ದಾಟಲಿ. ಎರಡೂ ಸಾಲು ನಡುಗೆರೆಯನ್ನು ದಾಟಲೇಬೇಕು. ಅರ್ಧ ಮೀಟರ್ ಉಳಿಸಲು ಹೋಗಿ ನಡುವೆ ನೇರ ಸಂದು ಬಿಟ್ಟ ಬಂದೋಬಸ್ತನ್ನು ನಾನು ಒಂದಲ್ಲ, ಮೂರು ಕಡೆ ಕಂಡಿದ್ದೇನೆ. ಬೈಕಿನವರು ಕಾಲು ಸಹ ಊರದೆ ದಾಟುತ್ತಿದ್ದರು. ಸುಣ್ಣದಲ್ಲಿ ಗೆರೆ ಎಳೆದ ಮೇಲೆ ಅಗ್ನಿಶಾಮಕ ವಾಹನವನ್ನು ಒಮ್ಮೆ ಅದರಲ್ಲಿ ಓಡಿಸಿ ನೋಡಲು ಠಾಣೆಯವರನ್ನು ಕೇಳಿಕೊಳ್ಳಿ. ಅದು ತಿರುಗದಿದ್ದರೆ ಗೆರೆ ಬದಲಿಸಿ. ಠಾಣೆಗೆ ನೀವೇ ಹೋಗಿ ಎಂದದ್ದು ಇದಕ್ಕೆ.

ಉಳಿದ ರಸ್ತೆಗಳನ್ನು ಪೂರ್ತಿ ಮುಚ್ಚಿ. ಬ್ಲಾಕುಗಳ ನಡುವೆ ನಡೆಯುವವರಿಗೆ ಬಿಡುವ ಸಂದು 1.2 ಮೀಟರ್ ಮೀರಬಾರದು. ಗಾಲಿಕುರ್ಚಿಗೆ 90 ಸೆಂ.ಮೀ. ಆದರೂ ಬೇಕು. ತಡೆಯ ಹಿಂದೆ ಕನಿಷ್ಠ ಐದು ಮೀಟರ್ ಖಾಲಿ ಇರಲಿ, ಏಕೆಂದರೆ ತಡೆ ಸರಿಯುತ್ತದೆ. ಟಿಕೆಟ್ ಸಾಲನ್ನು ತಡೆಗೆ ಒರಗಿಸಿ ನಿಲ್ಲಿಸುವವರಿಗೆ ಏನು ಹೇಳಬೇಕೋ ನನಗೆ ತೋಚುವುದಿಲ್ಲ. ಜನ ಹೊರಬರುವ ಗೇಟಿನ ಎದುರಿಗಂತೂ ಭಾರದ ಬ್ಲಾಕು ಇಡಲೇಬೇಡಿ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನರ ಜೀವ ಹೋದದ್ದು ವಾಹನದಿಂದಲ್ಲ, ಗೇಟಿನ ಬಳಿಯ ನೂಕುನುಗ್ಗಲಿನಿಂದ.

3. ಯಾವುದನ್ನು ತರಬೇಕು?

ನೀರು ತುಂಬುವ ಪ್ಲಾಸ್ಟಿಕ್ ಬ್ಲಾಕು, ಕಾಂಕ್ರೀಟ್ ಬ್ಲಾಕು, ತುಂಬಿದ ಟಿಪ್ಪರ್. ನಮ್ಮ ಕಡೆ ಸುಲಭವಾಗಿ ಸಿಗುವುದು ಈ ಮೂರು.

ಪೂರ್ತಿ ಮುಚ್ಚುವ ರಸ್ತೆಗೆ ನನ್ನ ಮತ ಟಿಪ್ಪರ್‌ಗೆ. ಶಹಾಬಾದ್, ವಾಡಿ, ಸೇಡಂ ಕಡೆ ಅದಕ್ಕೇನೂ ಬರವಿಲ್ಲ. ಹತ್ತು ಗಾಲಿಯ ಟಿಪ್ಪರ್ ಸರಕಿನೊಂದಿಗೆ ಕಾನೂನಿನ ಮಿತಿಯಲ್ಲೇ 28.5 ಟನ್ ತೂಗುತ್ತದೆ. ಜಲ್ಲಿ ತುಂಬಿಸಿ ರಸ್ತೆಗೆ ಅಡ್ಡ ನಿಲ್ಲಿಸಿದರೆ ಇಪ್ಪತ್ತು ಪ್ಲಾಸ್ಟಿಕ್ ಬ್ಲಾಕುಗಳಿಗಿಂತ ಮೇಲು. ಚಾಲಕ ಆಟ ಮುಗಿಯುವವರೆಗೆ ಬಂಡಿಯ ಹತ್ತಿರವೇ ಇರಬೇಕೆಂದು ಬರೆಸಿಕೊಳ್ಳಿ. ಕಬಡ್ಡಿ ನೋಡಲು ಒಳಗೆ ಹೋದವನನ್ನು ಮೈಕಿನಲ್ಲಿ ಕೂಗಿ ಕರೆಯುವ ಸ್ಥಿತಿ ಬರಬಾರದು.

ಕಾಂಕ್ರೀಟ್ ಒಳ್ಳೆಯದು, ಆದರೆ ಇಳಿಸಲು ಹೈಡ್ರಾ ಕ್ರೇನ್ ಬೇಕು. ನಮ್ಮ ಎರೆಮಣ್ಣಿನ ಮೈದಾನದ ಮೇಲೆ ಒಂದು ಮಳೆ ಬಿದ್ದಿದ್ದರೆ ಬ್ಲಾಕಿಗಿಂತ ಮೊದಲು ಕ್ರೇನೇ ಹೂತುಕೊಳ್ಳುತ್ತದೆ. ಡಾಂಬರು ರಸ್ತೆಗಷ್ಟೇ ಸೀಮಿತವಾಗಿರಲಿ. ಖಾಲಿ ಪ್ಲಾಸ್ಟಿಕ್ ಬ್ಲಾಕುಗಳ ಮೇಲೆ ಫರ್ಸಿ ಕಲ್ಲು ಹೇರಿ ‘ಭಾರ ಮಾಡಿದ್ದೇವೆ’ ಎನ್ನುವವರೂ ಇದ್ದಾರೆ. ವಾಹನ ಬಡಿದಾಗ ಹಾರುವುದು ಆ ಕಲ್ಲೇ.

ಪ್ಲಾಸ್ಟಿಕ್ ಬ್ಲಾಕು ತರುವಾಗ ಹೆಬ್ಬೆರಳಿನಿಂದ ಉಜ್ಜಿ ನೋಡಿ. ಬಣ್ಣ ಪುಡಿಯಾಗಿ ಬೆರಳಿಗೆ ಹತ್ತಿದರೆ ಬಿಸಿಲಿಗೆ ಬೆಂದ ಮಾಲು, ಬಡಿದರೆ ಒಡೆಯುತ್ತದೆ. ಬಾಡಿಗೆದಾರರು ‘ಸರ್ಟಿಫಿಕೇಟ್ ಇದೆ’ ಎಂದು ತೋರಿಸುವ ಕಾಗದವನ್ನು ಓದಿ. ಹೆದ್ದಾರಿಯ ಬದಿಯ ತಡೆಗಳನ್ನು ಪರೀಕ್ಷಿಸುವುದು ವಾಹನ ಓರೆಯಾಗಿ ಬಂದು ಉಜ್ಜಿದಾಗ ಏನಾಗುತ್ತದೆಂದು ನೋಡಲು. ನಮಗೆ ಬೇಕಾದದ್ದು ನೇರವಾಗಿ ಗುದ್ದಿದಾಗಿನ ಕಥೆ. ಅದಕ್ಕಿರುವ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 22343, ಅದಕ್ಕೂ ಹಿಂದಿನದು ಐಡಬ್ಲ್ಯುಎ 14. ವಾಹನದ ತೂಕ, ವೇಗ, ತಡೆ ದಾಟಿ ಎಷ್ಟು ಮೀಟರ್ ಒಳಬಂತು, ಈ ಮೂರೂ ಇಲ್ಲದ ಕಾಗದವನ್ನು ಮಡಚಿ ವಾಪಸು ಕೊಡಿ.

4. ಕರಾರು

ದರ ಕೇಳುವಾಗ ಸಾಗಣೆ, ಹಮಾಲಿ, ಕ್ರೇನ್ ಎಲ್ಲ ಸೇರಿಸಿ ಕೇಳಿ. ಹೈದರಾಬಾದ್‌ನಿಂದಲೋ ಸೊಲ್ಲಾಪುರದಿಂದಲೋ ತರಿಸಿದರೆ ಬಾಡಿಗೆಗಿಂತ ಲಾರಿಯ ಲೆಕ್ಕವೇ ದೊಡ್ಡದಾಗುವುದುಂಟು. ಸರಕಿನ ಮೌಲ್ಯ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ ಬೇಕು. ಅದಿಲ್ಲದೆ ಹೊರಟ ಲಾರಿ ದಾರಿಯಲ್ಲಿ ತಪಾಸಣೆಗೆ ಸಿಕ್ಕಿಬಿದ್ದರೆ ನಿಮ್ಮ ಉದ್ಘಾಟನೆಯ ಹೊತ್ತಿಗೆ ಬಂದು ಮುಟ್ಟುವುದಿಲ್ಲ.

5. ನೀರು ತುಂಬುವುದು

ಎರಡು ಮೀಟರ್ ಉದ್ದದ ಬ್ಲಾಕು ಖಾಲಿ ಇದ್ದಾಗ 40–50 ಕಿಲೊ. 450 ಲೀಟರ್ ಹಿಡಿಯುವ ಬ್ಲಾಕಾದರೆ 5,000 ಲೀಟರಿನ ಒಂದು ಟ್ಯಾಂಕರ್ ಹನ್ನೊಂದನ್ನು ತುಂಬುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ಸಿಗುವುದೇ ಪುಣ್ಯ, ಆದ್ದರಿಂದ ನೀರನ್ನು ಬ್ಲಾಕಿಗಿಂತ ಮೊದಲು ಕಾಯ್ದಿರಿಸಿ.

ಮೊದಲು ಸಾಲು ಹೊಂದಿಸಿ, ಪಿನ್ನು ಹಾಕಿ, ಆಮೇಲೆ ತುಂಬಿ. ತುಂಬಿದ ಮೇಲೆ ಅದು ಹೊರಳುವುದಿಲ್ಲ. ಪ್ರತಿ ಬ್ಲಾಕಿನ ತಳದ ಬಿರಡೆಯನ್ನು ಕೈಯಿಂದ ತಿರುಗಿಸಿ ನೋಡಿ, ವಾಷರ್ ಇದೆಯೇ ಎಂದು ಬೆರಳಿಟ್ಟು ನೋಡಿ. ಒಂದು ಏಪ್ರಿಲ್‌ನಲ್ಲಿ ನಾನೇ ಇದನ್ನು ಬಿಟ್ಟೆ. ರಾತ್ರಿ ಹನ್ನೊಂದಕ್ಕೆ ಇಪ್ಪತ್ತು ಬ್ಲಾಕು ತುಂಬಿಸಿ ಮನೆಗೆ ಹೋದೆ. ಬೆಳಿಗ್ಗೆ ಆರಕ್ಕೆ ಬಂದರೆ ಏಳು ಬ್ಲಾಕು ಖಾಲಿ, ಚಹಾದಂಗಡಿಯವರು ಒಂದನ್ನು ಎಳೆದೊಯ್ದು ಅದರ ಮೇಲೆ ಚಹಾದ ಕೆಟಲ್ ಇಟ್ಟಿದ್ದರು. ವಾಷರ್ ಬದಲು ಪ್ಲಾಸ್ಟಿಕ್ ಚೀಲದ ಚೂರು ಸುತ್ತಿ ಕಳಿಸಿದ್ದರು ಬಾಡಿಗೆಯವರು. ಅಂದಿನಿಂದ ನನ್ನ ಚೀಲದಲ್ಲಿ ಒಂದು ಹಿಡಿ ವಾಷರ್ ಇರುತ್ತದೆ. ಹಿಂದಿನ ರಾತ್ರಿ ತುಂಬಿದ್ದನ್ನು ಬೆಳಿಗ್ಗೆ ತಟ್ಟಿ ನೋಡಿ: ಟೊಳ್ಳು ಸದ್ದು ಬಂದರೆ ಇನ್ನೊಮ್ಮೆ ನೀರು. ಮುಚ್ಚಳಕ್ಕೆ ತಂತಿ ಕಟ್ಟಿ.

ಪ್ರಾಯೋಜಕರು ಬ್ಲಾಕಿಗೆ ಫ್ಲೆಕ್ಸ್ ಕಟ್ಟಲು ಬಂದರೆ ಬೇಡವೆನ್ನಿ. ಆಚೆಯಿಂದ ಬರುವ ವಾಹನ ಕಾವಲಿನವನಿಗೆ ಕಾಣಬೇಕು.

6. ಬಾಗಿಲು

ಎಷ್ಟೇ ಗಟ್ಟಿ ಸಾಲಿದ್ದರೂ ಆಂಬ್ಯುಲೆನ್ಸ್‌ಗೆ ಅದನ್ನು ತೆರೆಯಲೇಬೇಕು. 2025ರ ಮೇ 26ರಂದು ಲಿವರ್‌ಪೂಲ್‌ನಲ್ಲಿ ಫುಟ್‌ಬಾಲ್ ವಿಜಯೋತ್ಸವದ ಜನರ ಮೇಲೆ ಕಾರೊಂದು ಹರಿದು ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಅಲ್ಲಿ ರಸ್ತೆ ಮುಚ್ಚಿತ್ತು. ಆಂಬ್ಯುಲೆನ್ಸ್‌ಗಾಗಿ ತಡೆ ತೆಗೆದಾಗ ಅದರ ಬೆನ್ನಿಗೇ ಕಾರು ಒಳಹೊಕ್ಕಿತೆಂದು ಅಲ್ಲಿನ ಪೊಲೀಸರು ಆಗ ಹೇಳಿದ್ದರು.

ಆದ್ದರಿಂದ ತುರ್ತು ವಾಹನದ ರಸ್ತೆಯ ಬಾಗಿಲಿನಲ್ಲಿ ಇಬ್ಬರಿರಲಿ. ಒಬ್ಬ ತೆರೆಯುವವ, ಇನ್ನೊಬ್ಬ ಹಿಂದಿನ ವಾಹನವನ್ನು ನೋಡುವವ. ತೆರೆಯುವ ಭಾಗಕ್ಕೆ ಜೀಪು ಅಡ್ಡ ನಿಲ್ಲಿಸಿ, ಚಾಲಕ ಒಳಗೇ ಕುಳಿತಿರಲಿ. ಹಿಂದಕ್ಕೆ ಸರಿಸಿ ತೆರೆದು, ಮುಂದಕ್ಕೆ ತಂದು ಮುಚ್ಚಬಹುದು. ‘ಗಣ್ಯರ ಕಾರು’ ಎಂಬ ಮಾತಿಗೆ ಬಾಗಿಲು ತೆರೆಯಕೂಡದು. ಶಾಸಕರಾದರೂ ನೂರು ಮೀಟರ್ ನಡೆಯಲಿ, ಕ್ರೀಡಾಕೂಟ ತಾನೇ.

7. ತೆಗೆಯುವುದು

ಬಹುಮಾನ ವಿತರಣೆ ಮುಗಿದ ಕೂಡಲೇ ಬಾಡಿಗೆಯವರು ಲಾರಿ ತಂದು ಅವಸರ ಮಾಡುತ್ತಾರೆ. ರಸ್ತೆಯಲ್ಲಿ ಜನ ಹೆಚ್ಚು ಇರುವುದೇ ಆಗ. ಮೈದಾನ ಪೂರ್ತಿ ಖಾಲಿಯಾಗುವವರೆಗೆ ಒಂದು ಬ್ಲಾಕೂ ಕದಲಬಾರದು. ನೀರನ್ನು ಎರೆಮಣ್ಣಿಗೆ ಬಿಟ್ಟರೆ ಲಾರಿ ಅಲ್ಲೇ ಸಿಕ್ಕಿಬೀಳುತ್ತದೆ. ಪಂಪು ಹಚ್ಚಿ ಟ್ಯಾಂಕರ್‌ಗೆ ವಾಪಸು ಎಳೆಸಿ, ರಸ್ತೆ ಬದಿಯ ಬೇವಿನ ಗಿಡಗಳಿಗೆ ಹಾಕಿಸಿ. ಪಿನ್ನು, ಬಿರಡೆ, ಮುಚ್ಚಳಗಳನ್ನು ಬಾಡಿಗೆಯವರ ಮುಂದೆಯೇ ಎಣಿಸಿ ಸಹಿ ಹಾಕಿಸಿಕೊಳ್ಳಿ. ಠೇವಣಿಯಲ್ಲಿ ಮುರಿದುಕೊಳ್ಳುವುದು ಯಾವಾಗಲೂ ಪಿನ್ನಿನ ಹೆಸರಿನಲ್ಲಿ.