ಪಿಯುಸಿಯಲ್ಲಿ ಮನಃಶಾಸ್ತ್ರ: ಅಜ್ಜಿಯ ಮುಂದಿಟ್ಟ ಹನ್ನೆರಡು ಚೀಟಿಗಳು

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಮೈಸೂರಿನ ಕಾಲೇಜೊಂದರಲ್ಲಿ ಪಿಯುಸಿ ಕಲಾ ವಿಭಾಗಕ್ಕೆ ಸೇರಿದಾಗ, ಐಚ್ಛಿಕ ವಿಷಯಗಳಲ್ಲಿ ಒಂದಾಗಿ ನಾನು ಮನಃಶಾಸ್ತ್ರವನ್ನು ಆರಿಸಿಕೊಂಡೆ. ಎದುರಿಗಿರುವವರ ಮನಸ್ಸನ್ನು ಓದುವ ವಿದ್ಯೆ ಅದೆಂದು ಮನೆಯವರಂತೆ ನಾನೂ ನಂಬಿದ್ದೆ. ಆದರೆ ಪಾಠ ಆರಂಭವಾದದ್ದು 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ತೆರೆದ ಮನಃಶಾಸ್ತ್ರ ಪ್ರಯೋಗಾಲಯದಿಂದ. ನಮ್ಮೂರಿನ ಮಹಾರಾಜ ಕಾಲೇಜಿನಲ್ಲಿ 1924ರಲ್ಲೇ ಎಂ. ವಿ. ಗೋಪಾಲಸ್ವಾಮಿಯವರು ಈ ವಿಭಾಗವನ್ನು ಕಟ್ಟಿದ್ದರೆಂದು ಉಪನ್ಯಾಸಕಿ ಹೇಳಿದಾಗ, ಇದು ದೂರದ ದೇಶದವರ ವಿದ್ಯೆಯೆಂಬ ಅಳುಕು ತುಸು ಕಡಿಮೆಯಾಯಿತು.

ಮೊದಲ ಕಿರುಪರೀಕ್ಷೆಯಲ್ಲಿ ನಾನು ತಪ್ಪಿದ್ದು ಕಷ್ಟದ ಪದಗಳಲ್ಲಲ್ಲ, ಗೊತ್ತಿದೆಯೆಂದು ತಿಳಿದಿದ್ದ ಪದಗಳಲ್ಲಿ. ಋಣಾತ್ಮಕ ಪುನರ್ಬಲನ ಎಂದರೆ ಶಿಕ್ಷೆ ಎಂದು ಬರೆದಿದ್ದೆ. ಅದು ಹಾಗಲ್ಲವೆಂದು ನನಗೆ ಮನದಟ್ಟಾದದ್ದು ಒಂದು ಸಂಜೆ, ಅಮ್ಮ ಸೊಳ್ಳೆಬತ್ತಿ ಹಚ್ಚುವಾಗ. ಬತ್ತಿ ಹಚ್ಚಿದರೆ ಸೊಳ್ಳೆಯ ಕಾಟ ತೊಲಗುತ್ತದೆ, ಕಾಟ ತೊಲಗುವುದರಿಂದಲೇ ಮರುದಿನವೂ ಬತ್ತಿ ಹಚ್ಚುತ್ತೇವೆ. ಅಹಿತಕರವಾದುದು ದೂರವಾಗಿ ವರ್ತನೆ ಬಲಗೊಳ್ಳುವುದೇ ಋಣಾತ್ಮಕ ಪುನರ್ಬಲನ, ವರ್ತನೆಯನ್ನು ತಗ್ಗಿಸುವುದು ಶಿಕ್ಷೆ. ಅಂದಿನಿಂದ ನೋಟ್‌ಬುಕ್ಕಿನ ಎಡಪುಟದಲ್ಲಿ ಪುಸ್ತಕದ ವ್ಯಾಖ್ಯೆಯನ್ನೂ ಬಲಪುಟದಲ್ಲಿ ನಾನೇ ಕಂಡ ಒಂದು ಪ್ರಸಂಗವನ್ನೂ ಬರೆಯತೊಡಗಿದೆ. ಬಲಪುಟ ಖಾಲಿ ಉಳಿದರೆ ಆ ಪರಿಕಲ್ಪನೆ ನನಗೆ ಅರ್ಥವಾಗಿಲ್ಲವೆಂದೇ ಲೆಕ್ಕ.

ಸ್ಮೃತಿಯ ಅಧ್ಯಾಯ ಬಂದಾಗ ಪ್ರಸಂಗ ಸಾಲದೆ ಪ್ರಯೋಗವನ್ನೇ ಮಾಡಿದೆ. ಜರ್ಮನಿಯ ಮನಃಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಕಲಿತು, ಮರೆವು ಮೊದಲು ವೇಗವಾಗಿಯೂ ಆಮೇಲೆ ನಿಧಾನವಾಗಿಯೂ ಸಾಗುವುದನ್ನು ಕಂಡು 1885ರಲ್ಲಿ ಪ್ರಕಟಿಸಿದ್ದರು. ನಾನು ಹಳೆಯ ಕ್ಯಾಲೆಂಡರಿನ ಹಿಂಬದಿಯನ್ನು ಕತ್ತರಿಸಿ, ‘ಠೆಪ’, ‘ಝೂಣ’, ‘ಘೇಚ’ ಎಂಬಂಥ ಹನ್ನೆರಡು ಚೀಟಿಗಳನ್ನು ಮಾಡಿ, ಒಂದೊಂದಾಗಿ ಅಜ್ಜಿಯ ಮುಂದಿಟ್ಟೆ. ಎಲ್ಲವನ್ನೂ ತಪ್ಪಿಲ್ಲದೆ ಹೇಳುವವರೆಗೂ ಅವರು ಬೇಸರಿಸದೆ ಓದಿದರು. ಒಂದು ಗಂಟೆಯ ನಂತರ ನೆನಪಿನಲ್ಲಿ ಉಳಿದದ್ದು ಐದು, ಮರುದಿನ ಬೆಳಿಗ್ಗೆ ಮೂರು. ಆ ಮೂರರಲ್ಲಿ ‘ಘೇಚ’ ಇತ್ತು. ಹೇಗೆ ನೆನಪಿಟ್ಟಿರಿ ಎಂದು ಕೇಳಿದರೆ, “ನೀನು ಚಿಕ್ಕವಳಿದ್ದಾಗ ಗೋಡೆ ತುಂಬ ಗೀಚ್ತಿದ್ಯಲ್ಲೇ, ಅದೇ ಅಂದ್ಕೊಂಡೆ” ಎಂದರು. ಅರ್ಥವಿಲ್ಲದ್ದೆಂದು ನಾನು ಕೊಟ್ಟದ್ದಕ್ಕೆ ಅವರು ಅರ್ಥ ಹಚ್ಚಿಕೊಂಡಿದ್ದರು. ಎಬ್ಬಿಂಗ್‌ಹೌಸ್ ನಿಜವಾದ ಪದಗಳನ್ನು ಏಕೆ ದೂರವಿಟ್ಟರೆಂಬುದೂ, ನೆನಪೆಂಬುದು ಬರಿಯ ಸಂಗ್ರಹವಲ್ಲ, ಅದರಲ್ಲಿ ಅರ್ಥವನ್ನು ಕಟ್ಟಿಕೊಳ್ಳುವ ಕೆಲಸವಿದೆಯೆಂದು ಬ್ರಿಟಿಷ್ ಮನಃಶಾಸ್ತ್ರಜ್ಞ ಬಾರ್ಟ್‌ಲೆಟ್ ಏಕೆ ವಾದಿಸಿದರೆಂಬುದೂ ನನಗೆ ಒಟ್ಟಿಗೇ ಹೊಳೆದವು. ಒಬ್ಬರ ಮೇಲಿನ ಪ್ರಯೋಗದಿಂದ ಏನೂ ಸಿದ್ಧವಾಗುವುದಿಲ್ಲ, ನಿಜ. ಆದರೆ ಆ ಅಧ್ಯಾಯವನ್ನು ನಾನು ಮತ್ತೆ ಬಾಯಿಪಾಠ ಮಾಡಬೇಕಾಗಿ ಬರಲಿಲ್ಲ.

ಎರಡನೆಯ ವರ್ಷದಲ್ಲಿ ಮನೋವ್ಯಾಧಿಗಳ ಅಧ್ಯಾಯ ಬಂತು. ಹೊಸದಾಗಿ ಓದುವವರು ಹೆಚ್ಚು ಎಚ್ಚರದಿಂದಿರಬೇಕಾದದ್ದು ಇಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಲಕ್ಷಣಗಳ ಪಟ್ಟಿ ಓದುತ್ತಿದ್ದಂತೆ ಮನೆಮಂದಿಗೆಲ್ಲ ಒಂದೊಂದು ಕಾಯಿಲೆ ಕಾಣತೊಡಗಿತು, ನನಗೂ ಎರಡಿದ್ದವು. ಒಬ್ಬ ವ್ಯಕ್ತಿಯ ಕುರಿತು ವ್ಯಕ್ತಿ ಅಧ್ಯಯನ ಬರೆಯಬೇಕಾಗಿ ಬಂದಾಗ, ಅತ್ತೆಯ ಮಗನ ಬಗ್ಗೆ “ಇವನಿಗೆ ಖಿನ್ನತೆಯಿದೆ” ಎಂದು ಆರಂಭಿಸಿದ್ದೆ. ಉಪನ್ಯಾಸಕಿ ಆ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದು, “ರೋಗನಿರ್ಣಯ ತರಬೇತಾದವರ ಕೆಲಸ. ನೀನು ಕಂಡದ್ದೇನು, ಅದನ್ನು ಬರೆ” ಎಂದರು. ಮನೆಗೆ ಹೋಗಿ ಅವನ ಜೊತೆ ಕುಳಿತು ಮಾತಾಡಿದೆ. ಮರುದಿನ ಒಪ್ಪಿಸಿದ ಹಾಳೆಯ ಮೊದಲ ಸಾಲು ಹೀಗಿತ್ತು: “ಸಂಜೆ ಆಟಕ್ಕೆ ಹೋಗುವುದನ್ನು ಬಿಟ್ಟು ಇವನಿಗೆ ಎಂಟು ದಿನಗಳಾಗಿವೆ, ಜೊತೆಗೆ ಆಡುತ್ತಿದ್ದ ಗೆಳೆಯನ ಮನೆಯವರು ಊರು ಬಿಟ್ಟು ಹೋಗಿದ್ದಾರೆಂದು ಹೇಳುತ್ತಾನೆ.”